ಪ್ಲೇಗಿನ ವಾರದ ಓದಿನ ಪಾಳಿ

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಾನು ಕ್ರೈಸ್ತ ಸಭೆಯ ಉಪದೇಶಿಯಾಗಿದ್ದಾಗ ‘ಓದಿನ ಪಾಳಿ’ ಎಂಬ ಪದ್ಧತಿಯೊಂದನ್ನು ಹಾಕಿಕೊಟ್ಟಿದ್ದೆ. ಹಾಕಿದವನು ನಾನೇ, ಮುರಿದವನೂ ನಾನೇ. ಆದರೆ ಮುರಿಯುವುದಕ್ಕೆ ಎರಡು ದಿನ ತಡ ಮಾಡಿದೆ, ಆ ಎರಡು ದಿನದಲ್ಲಿ ಒಬ್ಬ ಹೆಣ್ಣುಮಗಳ ಜೀವ ಸಿಕ್ಕಿಕೊಂಡಿತ್ತು. ಹಳೆಯ ಕಾಲದ ಸೇವೆಯ ಬಗ್ಗೆ ಬರೆದುಕೊಡಿ ಎಂದು ಸಭೆಯವರು ಕೇಳಿದಾಗಲೆಲ್ಲ ನಾನು ಬೇರೆ ಬೇರೆ ಸಂಗತಿ ಬರೆದುಕೊಟ್ಟು ತಪ್ಪಿಸಿಕೊಂಡಿದ್ದೇನೆ. ಈ ಸಲ ಇದನ್ನೇ ಬರೆಯುತ್ತೇನೆ.

ಪಾಳಿ ಎಂದರೆ ಇಷ್ಟು. ನಮ್ಮಲ್ಲಿ ಹನ್ನೊಂದು ಮನೆಗಳಿದ್ದವು, ಎಲ್ಲರೂ ನೇಕಾರರು. ಪ್ರಾರ್ಥನೆಯ ಗುಡಿ ಇನ್ನೂ ಕಟ್ಟಿರಲಿಲ್ಲ. ಇಡೀ ಸಭೆಗೆ ದೊಡ್ಡ ಅಕ್ಷರದ ಒಂದೇ ವೇದಪುಸ್ತಕ. ಅದು ದಿನಕ್ಕೊಂದು ಮನೆಗೆ ಹೋಗಬೇಕು. ನಿನ್ನೆಯ ಮನೆಯವರು ಬೆಳಗ್ಗೆ ಸ್ನಾನ ಮಾಡಿ, ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಇಂದಿನ ಮನೆಗೆ ಮುಟ್ಟಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ನಾನು ಬೇವಿನ ಮರಕ್ಕೆ ತೂಗುಹಾಕಿದ್ದ ರೈಲಿನ ಕಂಬಿಯ ತುಂಡನ್ನು ಬಾರಿಸುತ್ತಿದ್ದೆ. ಮೂವತ್ತು ನಲವತ್ತು ಮಂದಿ ಆ ಮನೆಯ ಮಗ್ಗದ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ನೆಲದ ಮೇಲೆ ಕೂರುತ್ತಿದ್ದರು. ಅಂದಿನ ಭಾಗವನ್ನು ಓದಬೇಕಾದವನು ಉಪದೇಶಿಯಲ್ಲ, ಆ ಮನೆಯವರೇ. ಅಕ್ಷರ ಬಾರದ ಮನೆಯವರು ಎರಡು ಸಾಲನ್ನಾದರೂ ಬಾಯಿಪಾಠ ಮಾಡಿ ಒಪ್ಪಿಸಬೇಕು. ಈ ಒಂದು ಕಟ್ಟಿನಿಂದಲೇ ಐವತ್ತು ದಾಟಿದ ಗಂಡಸರು, ಒಲೆಯ ಮುಂದೆ ಕೂರುವ ಸೊಸೆಯರು ಓದು ಕಲಿತರು. ಪಾಳಿ ತಪ್ಪಿಸಿದವರಿಗೆ ಶಿಕ್ಷೆ ಏನೂ ಇರಲಿಲ್ಲ. ಶಿಕ್ಷೆ ಬೇಕಾಗಿಯೂ ಇರಲಿಲ್ಲ, ತಪ್ಪಿಸಿದ ಮನೆಯ ಕಡೆ ಓಣಿಯವರೆಲ್ಲ ಒಂದು ಬಗೆಯಲ್ಲಿ ನೋಡುತ್ತಿದ್ದರು, ಅಷ್ಟೇ ಸಾಕಾಗಿತ್ತು. ಹೀಗಾಗಿ ಒಂದೂವರೆ ವರ್ಷ ಒಂದು ದಿನವೂ ಪಾಳಿ ತಪ್ಪಿರಲಿಲ್ಲ. ಬಾಗಲಕೋಟೆಯ ಪಾದ್ರಿ ಸಾಹೇಬರಿಗೆ ತಿಂಗಳ ವರದಿ ಬರೆಯುವಾಗ ನಾನು ಮೊದಲು ಬರೆಯುತ್ತಿದ್ದದ್ದು ಇದನ್ನೇ. ಅವರು ಉಳಿದ ಉಪದೇಶಿಗಳ ಮುಂದೆ ಅದನ್ನು ಓದಿ ಹೇಳುತ್ತಿದ್ದರು. ನನಗೆ ಅದರ ಮೇಲೆ ಆಸೆ ಇತ್ತು, ಸುಳ್ಳು ಹೇಳುವುದೇಕೆ.

ಆ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಪ್ಲೇಗು ರೈಲಿನ ದಾರಿ ಹಿಡಿದು ಬಾದಾಮಿಗೆ ಬಂತು, ಬಾಗಲಕೋಟೆಗೆ ಬಂತು. ಹುನಗುಂದದಲ್ಲೂ ಅಲ್ಲೊಂದು ಇಲ್ಲೊಂದು ಎಂದು ಸುದ್ದಿ. ಸರಕಾರದ ಹುಕುಂ ಡಂಗುರ ಹೊಡೆದು ಸಾರಿದ್ದರು: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪಾಟೀಲರಿಗೆ ತಿಳಿಸಬೇಕು, ಮನೆ ಖಾಲಿ ಮಾಡಿ ಹೊಲದಲ್ಲಿ ಜೋಪಡಿ ಹಾಕಿಕೊಳ್ಳಬೇಕು, ಜಡ್ಡಾದವರನ್ನು ಹುನಗುಂದದ ಹೊರಗೆ ಹಾಕಿದ್ದ ಚಪ್ಪರದ ದವಾಖಾನೆಗೆ ಒಯ್ಯಬೇಕು. ಆ ಚಪ್ಪರಕ್ಕೆ ಹೋದವರು ನಡೆದುಕೊಂಡು ಮನೆಗೆ ಬಂದಿಲ್ಲ ಎಂದು ಜನ ಹೇಳುತ್ತಿದ್ದರು. ನಿಜವೋ ಸುಳ್ಳೋ, ಹೆಸರು ಕೇಳಿದರೆ ಹೆಂಗಸರು ಅಳುತ್ತಿದ್ದರು. ನೇಕಾರರಿಗೆ ಇನ್ನೊಂದು ಸಂಕಟ. ಒಕ್ಕಲಿಗನಾದರೆ ನೇಗಿಲು ಎತ್ತಿಕೊಂಡು ಹೋದಾನು. ನಮ್ಮದು ಕುಣಿಮಗ್ಗ, ನೆಲ ಅಗೆದು ಕೂರಿಸಿದ್ದು. ಅದರ ಮೇಲೆ ಅರ್ಧ ನೇಯ್ದ ಸೀರೆ ಇರುತ್ತದೆ. ಬಿಟ್ಟು ಹೋದರೆ ಗೆದ್ದಲು, ಧೂಳು, ಸಡಿಲವಾದ ಎಳೆ, ಎಲ್ಲವೂ ಮಣ್ಣುಪಾಲು. ಇಲಿ ಬೀಳುವುದಿದ್ದರೆ ಪಕ್ಕದ ಓಣಿಯಲ್ಲಿ ಬೀಳಲಿ ಎಂದು ಒಳಗೊಳಗೇ ಬೇಡಿಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ, ಪ್ರಾರ್ಥನೆ ಹೇಳಿಕೊಡುವ ನಾನೂ ಸೇರಿ.

ಅಂಥ ಹೊತ್ತಿನಲ್ಲಿ ಬಾಗಲಕೋಟೆಯಲ್ಲಿ ಉಪದೇಶಿಗಳ ತಿಂಗಳ ಕೂಟ ಇತ್ತು. ಸೋಮವಾರ ಬೆಳಗ್ಗೆ ಪಾದ್ರಿ ಸಾಹೇಬರ ಬಂಗಲೆಯ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತವರು ಬಾದಾಮಿಯ ಮಿಶನ್ ಸಾಲೆಯ ಶಿಕ್ಷಕರು. ಅವರ ಒಬ್ಬಳೇ ಮಗಳನ್ನು ನಮ್ಮ ಸಭೆಯ ಹಿರಿಯರ ಮಗನಿಗೆ ಕೊಟ್ಟಿದ್ದರು. ಅಳಿಯ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ, ಹುಡುಗಿ ಇಳಕಲ್ಲಿನಲ್ಲಿ ಅತ್ತೆ ಮಾವಂದಿರ ಹತ್ತಿರ ಇದ್ದಳು. ಓದುವುದರಲ್ಲಿ ಇಡೀ ಓಣಿಗೆ ಅವಳೇ ಮುಂದು. ಹಿರಿಯರ ಮನೆಯ ಪಾಳಿ ಬಂದ ದಿನ ಬೇರೆ ಓಣಿಯ ಹೆಂಗಸರೂ ಬಂದು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು.

"ಮಗಳು ಆರಾಮ ಅದಾಳೇನ್ರಿ?" ಎಂದು ಶಿಕ್ಷಕರು ಕೇಳಿದರು.

"ಶುಕ್ರವಾರ ನೋಡೀನ್ರಿ. ಆರಾಮ ಅದಾಳ."

"ಬೀಗರಿಗೆ ಒಂದು ಮಾತು ಹೇಳ್ರಿ. ಏನರ ಆಗ್ಲಿ, ಅಕಿನ್ನ ಈಗ ಬಾದಾಮಿಗೆ ಕಳಸೂದು ಬ್ಯಾಡ. ನಮ್ಮೂರಾಗ ದಿನಾ ಹೆಣಾ ಎತ್ತಾಕತ್ತಾರ. ಮಕ್ಕಳಿಲ್ದ ಸಾಲಿ ಮುಚ್ಚೈತಿ. ತವರು ನೆನಪಾದ್ರೂ ಅಳಕೋತ ಅಲ್ಲೇ ಇರ್ಲಿ. ನನಗ ಅಕಿ ಒಬ್ಬಾಕಿನ ಇರಾಕಿ."

ಹೇಳುತ್ತೇನೆ ಎಂದೆ. ಅಂದಿನ ಕೂಟದಲ್ಲಿ ಸಾಹೇಬರು ನಮಗೆಲ್ಲ ಸಭೆ ನಡೆಸುವವರಿಗಾಗಿ ಅಚ್ಚು ಮಾಡಿಸಿದ ಒಂದು ಕೈಪಿಡಿ ಹಂಚಿದರು. ಅದರಲ್ಲಿ ಮನೆಯ ಕಲಹದ ಬಗ್ಗೆಯೇ ಒಂದು ಅಧ್ಯಾಯ. ಮಧ್ಯಾಹ್ನ ಹೊರಟು, ಅಮೀನಗಡದಲ್ಲಿ ತಂಗಿ, ಮಂಗಳವಾರ ಸಂಜೆ ಇಳಕಲ್ ಮುಟ್ಟುವವರೆಗೂ ನಾನು ಗಾಡಿಯಲ್ಲಿ ಕುಲುಕಿಸಿಕೊಳ್ಳುತ್ತ ಆ ಅಧ್ಯಾಯವನ್ನು ಎರಡು ಸಲ ಓದಿದೆ. ಗಾಡಿ ನಮ್ಮ ನೆರೆಯ ಮುಸಲ್ಮಾನ ಗಾಡಿಯವರದು. ಓಣಿಯಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. "ಅಷ್ಟ್ ಓದಿದ್ರ ಪುಸ್ತಕ ಸವದ್ ಹೋಗ್ತೈತ್ರಿ," ಎಂದು ಅವರು ನಕ್ಕರು.

ಮನೆಗೆ ಹೋಗುವ ಮೊದಲೇ ಹಿರಿಯರ ಬಾಗಿಲಿಗೆ ಹೋದೆ. ಅವರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲು ಮುಚ್ಚಿತ್ತು.

"ಶಿಕ್ಷಕರು ಮಗಳ ಬಗ್ಗೆ ಕೇಳಿದ್ರು," ಎನ್ನುವಷ್ಟರಲ್ಲೇ ಅವರು ನಡುವೆ ಬಾಯಿ ಹಾಕಿದರು. "ಸೊಸಿ ಇಲ್ರಿ ಉಪದೇಶಿಯವರ. ತವರಿಗೆ ಹೋದ್ಲು, ಬಾದಾಮಿಗೆ."

"ಯಾವಾಗ್ರಿ?"

"ನಿನ್ನಿ. ಅವರಪ್ಪಾರ ಬಂದಿದ್ರು ಕರಿಯಾಕ."

ನಿನ್ನೆ ಅವರಪ್ಪ ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಹಿರಿಯರು ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇಳಕಲ್ಲಿಗೆ ಬಂದ ಹೊಸದರಲ್ಲಿ ಯಾರೂ ಬಾಡಿಗೆಗೆ ಮನೆ ಕೊಡದಿದ್ದಾಗ ತಮ್ಮ ಪಡಸಾಲೆಯ ಅರ್ಧ ನನಗೆ ಬಿಟ್ಟುಕೊಟ್ಟು ಎಂಟು ತಿಂಗಳು ಅನ್ನ ಹಾಕಿದವರು ಅವರು. ಅವರ ಮುಖ ನೋಡಿದೆ. ಅವರು ನನ್ನ ಕೈಯಲ್ಲಿದ್ದ ಕೈಪಿಡಿಯನ್ನು ನೋಡುತ್ತಿದ್ದರು.

ಅಲ್ಲಿಯೇ ಕೇಳಬೇಕಿತ್ತು. ಕೇಳಲಿಲ್ಲ. ಹೆದರಿಕೆ ಅರ್ಧ, ಇನ್ನರ್ಧ ನನ್ನ ಜಾಣತನ. ಅತ್ತೆ ಸೊಸೆಗೆ ಜಗಳವಾಗಿದೆ, ಹುಡುಗಿ ಮನೆ ಬಿಟ್ಟು ಎಲ್ಲೋ ಹೋಗಿದ್ದಾಳೆ, ಇಲ್ಲವೇ ಕೂಡಿಹಾಕಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ನಮ್ಮ ಕೆಲಸವೇ ಹಾಗೆ. ಮನೆಯ ಬಾಗಿಲು ಮುಚ್ಚಿದ್ದರೆ ಒಳಗೆ ಪಾಪ ಇದೆ ಎಂದು ನೋಡುವ ಅಭ್ಯಾಸ ಬೆಳೆದಿತ್ತು, ಕಾಯಿಲೆ ಇದೆ ಎಂದು ಹೊಳೆಯಲಿಲ್ಲ. ಮನೆಗೆ ಬಂದು ಕೈಪಿಡಿ ತೆಗೆದೆ. ತಪ್ಪಿದವರು ತಾವಾಗಿ ಬಂದು ಒಪ್ಪಿಕೊಳ್ಳಲು ಅವಕಾಶ ಕೊಡಬೇಕು, ದುಡುಕಬಾರದು ಎಂಬ ಅರ್ಥದ ಮಾತು ಅಲ್ಲಿತ್ತು. ಪುಸ್ತಕ ತಪ್ಪು ಹೇಳಿರಲಿಲ್ಲ, ನಾನು ತೆಗೆದ ಅಧ್ಯಾಯ ತಪ್ಪು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ದೀಪ ಆರಿಸಿ ಮಲಗಿದೆ.

ಬುಧವಾರ ಸಂಜೆಯ ಓದು ಓಣಿಯ ತುದಿಯ ಮನೆಯಲ್ಲಿ. ಹಿರಿಯರು ಒಬ್ಬರೇ ಬಂದರು. ಹೆಂಡತಿಗೆ ಮೈಯಲ್ಲಿ ಆರಾಮಿಲ್ಲ ಎಂದರು. ಅಂದು ಅವರು ಮಾಡಿದ ಪ್ರಾರ್ಥನೆ ಮುಗಿಯಲೇ ಇಲ್ಲ. ನಡುವೆ ಎರಡು ಸಲ ಕ್ಷಮೆ ಬೇಡಿದರು. ಪಶ್ಚಾತ್ತಾಪ ಶುರುವಾಯಿತು, ನಾಳೆ ತಾವೇ ಬಂದು ಹೇಳುತ್ತಾರೆ ಎಂದು ನಾನು ಒಳಗೇ ಖುಷಿಪಟ್ಟೆ. ಈಗ ನೆನೆದರೆ ಆ ಖುಷಿಯ ಬಗ್ಗೆಯೇ ನನಗೆ ಹೆಚ್ಚು ನಾಚಿಕೆ.

ಗುರುವಾರ ಅವರದೇ ಪಾಳಿ. ಬೆಳಗ್ಗೆ ಪುಸ್ತಕ ಅವರ ಮನೆಗೆ ಹೋಯಿತು. ಹಿರಿಯರು ಬಾಗಿಲ ಹೊರಗೇ ನಿಂತು ಅದನ್ನು ತಲೆಯ ಮೇಲೆ ತೆಗೆದುಕೊಂಡು ಒಳಗೆ ಹೋದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಅಂದಳು.

"ಹಿರ್ಯಾರ ಮನಿಯಾಕಿ ಮತ್ತ ಅಗಸಿ ಇಸಗೊಂಡ್ ಹೋದ್ಲ್ರಿ. ನಿನ್ನಿಯಿಂದ ಮೂರನೇ ಸರ್ತಿ."

"ಚಟ್ನಿ ಹಿಂಡಿ ಕುಟ್ಟಾಕ ಇರಬೇಕು."

"ನಾನೂ ಹಂಗ ಅನ್ಕೊಂಡೆ. ಹುರದದ್ದು ಐತಿ, ಒಯ್ಯಬೇ ಅಂದ್ರ ಬ್ಯಾಡ ಅಂದ್ಲು. ಹಸೀದ ಬೇಕಂತ. ಹಿಂಡಿಗೆ ಯಾರ್ರಿ ಹಸಿ ಅಗಸಿ ಒಯ್ತಾರ?"

ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಹಸಿ ಅಗಸೆ ಬೀಜ ಅರೆದು, ಬಿಸಿ ಮಾಡಿ, ಬಟ್ಟೆಯಲ್ಲಿ ಹಚ್ಚಿ ಕಟ್ಟುವುದು ಗಡ್ಡೆಗೆ. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಎದ್ದ ಪ್ಲೇಗಿನ ಗಡ್ಡೆಗೆ. ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಮೊದಲೇ ಗೊತ್ತಾಗಿತ್ತು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು.

"ಸೊಸಿ ಬಾದಾಮಿಗೆ ಹೋಗಿಲ್ಲ," ಎಂದೆ.

"ಹೋಗಿದ್ರ ಅಗಸಿ ಯಾರಿಗ್ರಿ?" ಎಂದು ಅವಳು ಕೈ ತೊಳೆದುಕೊಂಡಳು. "ಮತ್ತ ಇವತ್ತ ಅವರ ಮನ್ಯಾಗ ನಾವೆಲ್ಲಾರೂ ಮಕ್ಕಳನ ಕಟಗೊಂಡು ಕೂಡ್ಬೇಕೇನು?"

ಎದ್ದು ಹೋದೆ. ಹಿರಿಯರು ಮಗ್ಗದ ಕುಣಿಯಲ್ಲಿ ಕೂತಿದ್ದರು, ಲಾಳಿ ಓಡುತ್ತಿರಲಿಲ್ಲ. ಎದುರಿನ ಮಣೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಪುಸ್ತಕ. ಪಡಸಾಲೆಯನ್ನು ಸಗಣಿ ಹಾಕಿ ಸಾರಿಸಿ, ಚಾಪೆ ಹಾಸಿ, ಮೂಲೆಯಲ್ಲಿ ನೀರಿನ ಬಿಂದಿಗೆ ಇಟ್ಟು, ಮಂದಿ ಬರುವುದಕ್ಕೆ ಎಲ್ಲ ತಯಾರಿ ಮಾಡಿದ್ದರು. ಬೇವಿನ ಸೊಪ್ಪಿನ ಹೊಗೆ ಕಣ್ಣು ಉರಿಸುತ್ತಿತ್ತು.

"ಇಲಿ ಯಾವಾಗ ಬಿದ್ವು ಹಿರ್ಯಾರ?" ಎಂದೆ.

ಅವರು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. "ಆಯ್ತವಾರ ಎರಡು. ಸ್ವಾಮಾರ ಮುಂಜಾನೆ ನಾಕು. ಸ್ವಾಮಾರ ಮಧ್ಯಾಹ್ನನ ಅಕಿಗೆ ಚಳಿ ಬಂತು."

"ಮತ್ತ ಯಾಕ ಹೇಳ್ಲಿಲ್ಲ? ನನಗರ ಹೇಳಬಾರ್ದೇನು?"

"ಹೇಳಿದ್ರ ಹುನಗುಂದದ ಚಪ್ಪರಕ್ಕ ಒಯ್ತಾರ. ನನ್ನ ಮಗ ಸೊಲ್ಲಾಪುರದಾಗ. ಅವ ಬಂದು ನನ್ನ ಹೇಣ್ತಿ ಎಲ್ಲಿ ಅಂದ್ರ ಏನ್ ಹೇಳ್ಲಿ? ಅಲ್ಲಿ ಯಾರ ಕೈಯಾಗರ ನೀರ್ ಕುಡದು ಸಾಯ್ಲೇನು ಅಕಿ?"

"ಪಾಳಿ ಒಂದು ದಿನ ಬ್ಯಾಡಂದಿದ್ರ ಆಗ್ತಿತ್ತು."

ಆಗ ಅವರು ತಲೆ ಎತ್ತಿದರು. "ಹೆಂಗ ಅನ್ಲಿ? ಒಂದೂವರಿ ವರ್ಷದಾಗ ಯಾರೂ ಅಂದಿಲ್ಲ. ನಾ ಅಂದ್ರ ಓಣ್ಯಾಗ ಎಲ್ಲಾರಿಗೂ ಗೊತ್ತಾಗ್ತಿತ್ತು. ಒಂದು ದಿನಾನೂ ತಪ್ಪಿಲ್ಲ ಅಂತ ಸಾಹೇಬರಿಗೆ ನೀವ ಬರಿತೀರಿ. ಇದೊಂದು ಸಂಜಿ ದಾಟಿಸ್ರಿ ಉಪದೇಶಿಯವರ. ಒಳಗಿನ ಕೋಲ್ಯಾಗ ಅದಾಳ, ಬಾಗ್ಲಾ ಹಾಕೇನಿ. ನಾ ಓದ್ತೇನಿ. ಅರ್ಧಾ ತಾಸಿನ ಮಾತು. ನಾಳಿ ನೀವು ಹೇಳಿದಂಗ ಕೇಳ್ತೇನಿ."

ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಅವರ ಮನೆಯ ಅನ್ನ ತಿಂದ ಹೊಟ್ಟೆ ನನ್ನದು. ಅರ್ಧ ತಾಸು ತಾನೇ, ಓದು ಬೇಗ ಮುಗಿಸಿದರಾಯಿತು ಎಂದು ಒಂದು ಗಳಿಗೆ ನನ್ನ ಮನಸ್ಸೂ ವಾಲಿತು. ವಾಲಲಿಲ್ಲ ಎಂದು ಬರೆದರೆ ಈ ಬರಹಕ್ಕೇ ಅರ್ಥವಿಲ್ಲ.

ಅಷ್ಟರಲ್ಲಿ ಒಳಕೋಣೆಯಿಂದ ಧ್ವನಿ ಕೇಳಿಸಿತು. ಹುಡುಗಿ ಓದುತ್ತಿದ್ದಳು. ಪುಸ್ತಕ ಹೊರಗೆ ನಮ್ಮ ಮುಂದೆ ಇತ್ತು. ಅವಳು ಅಂದಿನ ಭಾಗವನ್ನು ಬಾಯಿಂದಲೇ ಒಪ್ಪಿಸುತ್ತ, ನಡುವೆ ತಡವರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

"ಯಾರ್ರಿ, ಉಪದೇಶಿಯವರೇನು?" ಎಂದು ಒಳಗಿಂದಲೇ ಕೇಳಿದಳು. "ಗಂಟಿ ಬಾರಸಬ್ಯಾಡ್ರಿ ಇನ್ನ. ನನಗ ಸೀರಿ ಉಟಗೋಬೇಕು. ಇವತ್ತ ನಮ್ಮ ಪಾಳಿ, ನಾ ಓದಬೇಕು."

ಹಿರಿಯರು ಕುಣಿಯಲ್ಲೇ ಕೂತು ಮುಖ ಮುಚ್ಚಿಕೊಂಡರು. ಜ್ವರದಲ್ಲಿ ಬೇಯುತ್ತಿರುವ ಹುಡುಗಿಗೂ ಪಾಳಿ ತಪ್ಪಬಾರದೆಂಬ ಚಿಂತೆ. ಅದನ್ನು ಕಲಿಸಿದವನು ನಾನು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟೇ ಅವತ್ತು ಕಾಲಿಗೆ ಬಲ ಕೊಟ್ಟಿತು.

"ಹಿರ್ಯಾರ, ನಾ ಈಗ ಗಂಟಿ ಬಾರಸ್ತೇನಿ," ಎಂದೆ. "ಓದಾಕಲ್ಲ. ಓಣಿ ಖಾಲಿ ಮಾಡಸಾಕ. ಯಾರ ಮನ್ಯಾಗ ಬಿದ್ದೈತಿ ಅಂತ ಮಂದಿ ಕೇಳ್ತಾರ. ನೀವು ಹೇಳ್ತೀರೇನು, ನಾ ಹೇಳ್ಲೇನು?"

ಉತ್ತರಕ್ಕೆ ಕಾಯದೆ ಹೊರಗೆ ಬಂದು ಕಂಬಿ ಬಾರಿಸಿದೆ. ಹೊತ್ತು ಇನ್ನೂ ಮೇಲಿತ್ತು. ಇಷ್ಟು ಬೇಗ ಏಕೆ ಎಂದು ಜನ ಮಗ್ಗ ಬಿಟ್ಟು, ಕೈಯಲ್ಲಿ ಎಳೆ ಹಿಡಿದುಕೊಂಡೇ ಬಂದರು. ಓಣಿಯಲ್ಲಿ ಇಲಿ ಬಿದ್ದಿದೆ, ಈಗಿಂದೀಗಲೇ ಹಾಸಿಗೆ ಪಾತ್ರೆ ತೆಗೆದುಕೊಂಡು ಊರ ಹೊರಗಿನ ಕೆಂಪು ಬಂಡೆಯ ಹತ್ತಿರದ ಬೀಳು ಹೊಲಕ್ಕೆ ನಡೆಯಿರಿ ಎಂದೆ. ಯಾರೂ ಕದಲಲಿಲ್ಲ.

"ಮಗ್ಗದ ಮ್ಯಾಲ ಅರ್ಧ ಸೀರಿ ಐತ್ರಿ, ಎಲ್ಲಿ ಹೋಗೂನು?" ಎಂದು ಒಬ್ಬರು. "ಯಾರ ಮನ್ಯಾಗ ಬಿದ್ದೈತಿ? ಇಲಿ ತೋರಸ್ರಿ ಮೊದ್ಲ," ಎಂದು ಇನ್ನೊಬ್ಬರು. ಸಾಹೇಬರ ಮಾತು ಕೇಳಿ ಬಂದು ಹೆದರಿಸುತ್ತಾನೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಒಂದಿಬ್ಬರು ತಿರುಗಿ ಮನೆಯ ಕಡೆ ಹೊರಟೂಬಿಟ್ಟರು. ನಾನು ಹೆಸರು ಹೇಳಲು ಬಾಯಿ ತೆರೆದೆ. ಅವರ ಮನೆಯ ಬಾಗಿಲು ಕಂಡು ಮತ್ತೆ ಮುಚ್ಚಿದೆ.

ಆಗ ಹಿರಿಯರು ತಮ್ಮ ಬಾಗಿಲಿಂದ ಹೊರಗೆ ಬಂದರು. ತಲೆಯ ಮೇಲೆ ಪುಸ್ತಕ ಇರಲಿಲ್ಲ, ರುಮಾಲೂ ಇರಲಿಲ್ಲ. ರುಮಾಲಿಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಜನರಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತುಕೊಂಡರು.

"ನಮ್ಮ ಮನ್ಯಾಗ ಬಿದ್ದೈತಿ," ಎಂದರು. "ಆರು ಇಲಿ. ಸೊಸಿಗೆ ಗಡ್ಡಿ ಎದ್ದೈತಿ. ನಾ ನಿಮ್ಮನ್ನೆಲ್ಲಾ ಇವತ್ತ ಅಲ್ಲಿ ಕೂಡಸಾಂವ ಇದ್ದೆ. ನಿಮ್ಮ ಮಕ್ಕಳನ ಕರಕೊಂಡು ನಡೀರಿ."

ಒಬ್ಬ ಹೆಂಗಸು ಕೂಗಿಕೊಂಡು ಮಗುವನ್ನು ಎತ್ತಿಕೊಂಡು ಓಡಿದಳು. ಒಂದು ತಾಸಿನಲ್ಲಿ ಓಣಿ ಖಾಲಿಯಾಯಿತು. ಬೈಯುವವರು ಬೈದರು. ಅವರ ಮನೆಯಲ್ಲಿ ಮೊನ್ನೆಯಷ್ಟೇ ಉಂಡು ಬಂದವರು ಕೂಡ ಅವರ ಮುಖ ನೋಡದೆ ದಾಟಿಹೋದರು. ಅವರು ಎಲ್ಲವನ್ನೂ ನಿಂತು ಕೇಳಿಸಿಕೊಂಡರು.

ನಾನು ಪಾಟೀಲರ ಮನೆಗೆ ಓಡಿದೆ, ಅಲ್ಲಿಂದ ಚಾಚಾ ಹತ್ತಿರ. ಹುಡುಗಿಯನ್ನು ಬೀಳಿಗೆ ಗಾಡಿಯಲ್ಲಿ ಒಯ್ಯಬೇಕು, ಬರುತ್ತೀರಾ ಎಂದು ಕೇಳುವುದಕ್ಕೇ ನನಗೆ ಸಂಕೋಚ. ಅವರು ಆಗಲೇ ಗಾಡಿ ಹೂಡುತ್ತಿದ್ದರು. "ನನ್ನ ಎತ್ತಿಗೇನ್ ಪ್ಲೇಗ್ ಬರ್ತೈತೇನ್ರಿ? ಸರೀರಿ ಆ ಕಡೆ," ಎಂದು ಗದರಿ, ಗಾಡಿಯಲ್ಲಿ ಜೋಳದ ಕಣಿಕೆಯನ್ನು ಮೆತ್ತಗೆ ಹಾಸಿದರು. ತಮ್ಮ ತಮ್ಮನನ್ನು ತಟ್ಟುಗುದುರೆಯ ಮೇಲೆ ಬಾದಾಮಿಗೆ ಅಟ್ಟಿದರು. ಶಿಕ್ಷಕರಿಗೆ ನಾನು ಬರೆದ ಚೀಟಿ ಎರಡೇ ಸಾಲು: ಮಗಳಿಗೆ ಪ್ಲೇಗಿನ ಜ್ವರ, ಕೂಡಲೇ ಬನ್ನಿ.

ಬೀಳಿನಲ್ಲಿ ನಮ್ಮ ಜೋಪಡಿಗಳು ಒಂದು ಕಡೆ, ಗಾಳಿಯ ಕೆಳಮಗ್ಗುಲಿಗೆ ನೂರು ಹೆಜ್ಜೆ ಆಚೆ ಹಿರಿಯರದು. ಅಂದಿನ ಓದು ಬಯಲಿನಲ್ಲಾಯಿತು. ಪುಸ್ತಕವನ್ನು ಅವರ ಮನೆಯಿಂದ ತರಲು ಯಾರಿಗೂ ಧೈರ್ಯವಿರಲಿಲ್ಲ, ನೆನಪಿದ್ದಷ್ಟನ್ನು ನಾನೇ ಗಟ್ಟಿಯಾಗಿ ಹೇಳಿದೆ. ಗಾಳಿ ಆ ಕಡೆಗೇ ಬೀಸುತ್ತಿತ್ತು, ಅವಳಿಗೆ ಕೇಳಿಸಿರಬೇಕು.

ಶುಕ್ರವಾರ ಬೆಳಗ್ಗೆ ಹುನಗುಂದದಿಂದ ಪ್ಲೇಗಿನ ಕಾರಕೂನರು ಬಂದರು. ಹಿರಿಯರ ಮನೆಯ ಮಣ್ಣಿನ ಮಾಳಿಗೆಯನ್ನು ಎರಡು ಕಡೆ ಅಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡಿಸಿದರು, ಮಗ್ಗದ ಕುಣಿಗೆ ಔಷಧದ ನೀರು ಹೊಯ್ಯಿಸಿದರು. ಹುಡುಗಿಯನ್ನು ಚಪ್ಪರಕ್ಕೆ ಒಯ್ಯುವುದಾಗಿ ಹೇಳಿದರು. ನಾನು ಅವರ ಮುಂದೆ ನಿಂತು ಒಂದು ತಾಸು ವಾದಿಸಿದೆ. ಈಗಾಗಲೇ ಬಯಲಿನಲ್ಲಿದ್ದಾಳೆ, ಬೇರೆ ಜೋಪಡಿ ಇದೆ, ನೋಡಿಕೊಳ್ಳುವವರು ಇಬ್ಬರೇ. ಕೊನೆಗೆ ಮುಚ್ಚಳಿಕೆ ಬರೆಸಿಕೊಂಡರು: ಅತ್ತೆ ಮಾವ ಇಬ್ಬರನ್ನು ಬಿಟ್ಟು ಯಾರೂ ಒಳಗೆ ಹೋಗತಕ್ಕದ್ದಲ್ಲ, ಅವರಿಬ್ಬರೂ ಹೊರಗಿನವರನ್ನು ಮುಟ್ಟತಕ್ಕದ್ದಲ್ಲ, ತಪ್ಪಿದರೆ ಉಪದೇಶಿ ಜವಾಬುದಾರ. ರುಜು ಹಾಕಿದೆ. ಚಪ್ಪರಕ್ಕೆ ಹೋಗುವುದೊಂದು ತಪ್ಪಿತು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹಿರಿಯರ ಹೆಂಡತಿ ಅಳುತ್ತ ಜೋಪಡಿಯಿಂದ ಹೊರಗೆ ಬಂದದ್ದನ್ನು ತಡವಾಗಿ ಗಮನಿಸಿದೆ. ಹುಡುಗಿಗೆ ಮಾತು ನಿಂತಿತ್ತು.

ನಾವು ನೀರಿನ ಕೊಡ, ಗಂಜಿ, ಅರೆದ ಅಗಸಿ ಎಲ್ಲವನ್ನೂ ನಡುವಿನ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದೆವು, ಹಿರಿಯರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ ಅವರ ನಡಿಗೆಯನ್ನು ನೋಡಿಯೇ ಒಳಗಿನ ಸ್ಥಿತಿ ತಿಳಿಯುತ್ತಿತ್ತು. ಶನಿವಾರ ಹೊತ್ತು ಹುಟ್ಟುವಾಗ ಅವರು ಬಂದರು, ಗಂಜಿಯ ಪಾತ್ರೆಯನ್ನು ಮುಟ್ಟದೆ ನಿಂತರು. ಕಾರಕೂನರ ಕಟ್ಟಪ್ಪಣೆಯಂತೆ ಎರಡು ತಾಸಿನೊಳಗೆ ಮಣ್ಣು ಮಾಡಬೇಕಾಯಿತು. ಬಂಡೆಯ ಪಕ್ಕದಲ್ಲಿ ಚಾಚಾ ಮತ್ತು ನಾನು ಕುಣಿ ತೋಡಿದೆವು. ಮಣ್ಣು ಮಾಡುವಾಗಿನ ಪ್ರಾರ್ಥನೆಯನ್ನು ನಾನೇ ಹೇಳಿದೆ. ಉಳಿದ ಹತ್ತು ಮನೆಗಳಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಮರುವಾರ ಓಣಿಯ ಮೂರು ಮನೆಗಳಲ್ಲಿ ಇಲಿಗಳು ಸತ್ತುಬಿದ್ದಿದ್ದವು, ಮನೆಯಲ್ಲಿ ಮಾತ್ರ ಮನುಷ್ಯರಿರಲಿಲ್ಲ. ಆಮೇಲೆ ಜನ ನನಗೆ ಕೈ ಮುಗಿದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಶನಿವಾರ ಸಂಜೆ ಶಿಕ್ಷಕರು ಬಂದರು. ಟಾಂಗಾ ಇಳಿದವರೇ ಹೊಸ ಮಣ್ಣನ್ನು ಕಂಡರು, ಯಾರೂ ಹೇಳಬೇಕಾಗಲಿಲ್ಲ. ನೆಟ್ಟಗೆ ಅಲ್ಲಿಗೇ ನಡೆದರು. ಹಿರಿಯರು ಒಂದಿಷ್ಟು ದೂರದಲ್ಲಿ ನೆಲದ ಮೇಲೆ ಕೂತಿದ್ದರು. ನಾನು ಇಬ್ಬರ ನಡುವೆ ನಿಂತಿದ್ದೆ.

"ಚೀಟಿ ನನಗ ನಿನ್ನಿ ಮುಂಜಾನೆ ಮುಟ್ಟಿತು," ಎಂದರು ಶಿಕ್ಷಕರು, ನನ್ನ ಕಡೆ ತಿರುಗಿ. "ನಿಮಗ ಯಾವಾಗ ತಿಳೀತ್ರಿ?"

ನಾನು ಉತ್ತರಿಸುವ ಮೊದಲೇ ಹಿರಿಯರು ಅಂದರು: "ಅವರಿಗೇನೂ ಗೊತ್ತಿರ್ಲಿಲ್ಲ ಬೀಗರ. ಗುರುವಾರ ತಿಳೀತು, ತಿಳದ ಗಳಿಗ್ಯಾಗ ಎಲ್ಲಾ ಮಾಡಿದ್ರು. ಮುಚ್ಚಿಟ್ಟಾಂವ ನಾನು. ತಪ್ಪು ನಂದು."

ಅದು ನಿಜವೇ ಆಗಿತ್ತು. ಗುರುವಾರ ಎಂದು ಹೇಳಿ ನಾನು ತಲೆ ಬಾಗಿಸಿಕೊಂಡು ನಿಂತಿದ್ದರೆ ಇಂದಿಗೂ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆ ಮುದುಕರು ನನಗಾಗಿ ಬಾಗಿಲು ತೆರೆದಿಟ್ಟಿದ್ದರು.

"ಮಂಗಳವಾರ," ಎಂದೆ. "ಜ್ವರ ಅಂತ ಗೊತ್ತಿರ್ಲಿಲ್ರಿ. ಆದ್ರ ನೀವು ಕರಕೊಂಡ್ ಹೋದ್ರಿ ಅಂತ ಅವರು ಅಂದಾಗ ಅದು ಸುಳ್ಳು ಅಂತ ಗೊತ್ತಿತ್ತು. ಮನಿ ಜಗಳ ಅನ್ಕೊಂಡು ಸುಮ್ಮನಿದ್ದೆ. ಅವ್ರ ಬಂದು ಹೇಳ್ಲಿ ಅಂತ ಎರಡು ದಿನ ಕಾದೆ."

ಶಿಕ್ಷಕರು ನನ್ನನ್ನು ಬೈಯಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆದು ಬೀಗರ ಕಡೆ ನೋಡಿದರು.

"ಮಂಗಳವಾರ ಮಾತಾಡ್ತಿದ್ಲೇನು ಅಕಿ?"

"ಮಾತಾಡ್ತಿದ್ಲ್ರಿ," ಎಂದರು ಹಿರಿಯರು. "ಬುಧವಾರಾನೂ. ಗುರುವಾರಾನೂ ಮಾತಾಡಿದ್ಲು. ಅಪ್ಪ ಬರ್ತಾನೇನು ಅಂತ ಕೇಳ್ತಿದ್ಲು."

"ನೀವೇನಂದ್ರಿ?"

"ದಾರ್ಯಾಗ ಅದಾರವ್ವ, ಬರಾಕತ್ತಾರ ಅಂದೆ."

ಆ ಮಾತನ್ನು ಖರೆ ಮಾಡುವುದಕ್ಕೆ ನನಗೆ ಪೂರಾ ಎರಡು ದಿನ ಇತ್ತು.